ಒಡಲೊಳಗಿನ ಸಂಗಮ

ಉಪ್ಪಿನಂಗಡಿಯಲ್ಲಿ ಕುಮಾರಧಾರೆಯು ನೇತ್ರಾವತಿಯನ್ನು ಕೂಡುವ ಸ್ಥಳವನ್ನು, ಪುತ್ತೂರು, ಸುಳ್ಯ, ಕಡಬಗಳ ಕಡೆಯಿಂದ ಬರುವ ನಮ್ಮಲ್ಲಿ ನೋಡದವರು ವಿರಳ. ಅಂತಹುದೇ ಒಂದು ಸಂಗಮವು ಪ್ರತಿಯೊಬ್ಬರ ಒಡಲೊಳಗೂ ಇದೆಯೆಂಬುದನ್ನು ಬಲ್ಲವರು ಮಾತ್ರ ಕಡಮೆ. ಅದುವೇ ಪಿತ್ತಜನಕಾಂಗ ಅಥವಾ ಲಿವರ್.

ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗಕ್ಕೆ ರಕ್ತವು ಎರಡು ದಾರಿಗಳಿಂದ ಬರುತ್ತದೆ. ಮುಕ್ಕಾಲು ಪಾಲು, ಜಠರ ಕರುಳುಗಳಿಂದ ಅನ್ನಸಾರವನ್ನು ಹೊತ್ತು ಪೋರ್ಟಲ್ ಅಭಿಧಮನಿಯಲ್ಲಿ ಬರುತ್ತದೆ. ಉಳಿದ ಕಾಲು ಪಾಲು, ಹೃದಯದಿಂದ ಆಮ್ಲಜನಕವನ್ನು ಹೊತ್ತು ಯಕೃತ್ ಧಮನಿಯಲ್ಲಿ ಬರುತ್ತದೆ. ರೋಗವು ಈ ಲೆಕ್ಕವನ್ನು ಕೆಡಿಸುತ್ತದೆ. ಸಿರೋಸಿಸ್‌ನಲ್ಲಿ ಅಂಗವು ಗಟ್ಟಿಯಾಗಿ ಪೋರ್ಟಲ್ ರಕ್ತಕ್ಕೆ ತಡೆಯುಂಟಾಗುತ್ತದೆ. ಧಮನಿಯ ಪಾಲು ಏರುತ್ತದೆ. ಇಲ್ಲಿಯೇ ಹುಟ್ಟುವ ಕ್ಯಾನ್ಸರ್ ಗಡ್ಡೆಯಂತೂ ಬಹುಮಟ್ಟಿಗೆ ಧಮನಿಯ ರಕ್ತವನ್ನೇ ಹೀರಿ ಬೆಳೆಯುತ್ತದೆ.

ನನ್ನ ದೊಡ್ಡಪ್ಪನವರಿಗೆ ಇಂತಹ ಗಡ್ಡೆಯೊಂದು ಕಂಡು, ಚಿಕಿತ್ಸೆ ಆರಂಭವಾದ ಬಳಿಕ ವೈದ್ಯರು ‘ಪರ್ಫ್ಯೂಶನ್ ಸಿ.ಟಿ.’ ಆಗಬೇಕೆಂದರು. “ಅದೇ ಮಿಶನು, ಅದೇ ಹೊಟ್ಟೆ, ಪುನಃ ಯಾಕೆ ಮಗಾ?” ಎಂದು ದೊಡ್ಡಪ್ಪ ಕೇಳಿದರು. ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೊಬ್ಬನೇ. ಕಲಾವಿಭಾಗದವನಾದರೂ ಉತ್ತರ ಹುಡುಕುವ ಹೊಣೆ ನನ್ನದಾಯಿತು. ತಿಳಿದವರನ್ನು ಕೇಳಿ, ಓದಿ ಅರಿತುದನ್ನು ಇಲ್ಲಿ ಅರುಹುತ್ತೇನೆ.

ದೇಹದ ಸುತ್ತ ಕ್ಷ-ಕಿರಣಗಳನ್ನು ಹಾಯಿಸಿ, ಗಣಕಯಂತ್ರದಿಂದ ಒಳಗಿನ ಪದರಪದರದ ಚಿತ್ರ ಪಡೆಯುವುದೇ ಸಿ.ಟಿ. ಸ್ಕ್ಯಾನ್. ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಯಂತ್ರದಿಂದ 1971ರಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ದೊರೆಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕರಿಗೂ ನೊಬೆಲ್ ಬಹುಮಾನ ಬಂದಿತು.

ಅಡಕೆ ತೋಟದ ಭಾವಚಿತ್ರವೊಂದನ್ನು ನೋಡಿದರೆ ಮರಗಳೆಷ್ಟು, ತೋಡು ಎಲ್ಲಿದೆ ಎಂದು ತಿಳಿದೀತು. ಯಾವ ಮರದ ಬುಡಕ್ಕೆ ನೀರು ಎಷ್ಟು ಮುಟ್ಟುತ್ತದೆಂಬುದು ತಿಳಿಯದು. ತೋಡಿನ ಮೇಲ್ತುದಿಯಲ್ಲಿ ಬಣ್ಣ ಕದಡಿಬಿಟ್ಟು, ಅದು ಎಲ್ಲಿಗೆ ಯಾವಾಗ ಮುಟ್ಟಿತೆಂದು ಕ್ಷಣಕ್ಷಣಕ್ಕೂ ನೋಡುತ್ತ ಹೋದರೆ ತಿಳಿಯುತ್ತದೆ. ಪರ್ಫ್ಯೂಶನ್ ಸಿ.ಟಿ. ಮಾಡುವುದೂ ಇದನ್ನೇ. ತೋಳಿನ ರಕ್ತನಾಳಕ್ಕೆ ಅಯೋಡಿನ್‌ಯುಕ್ತ ದ್ರವವನ್ನು ವೇಗವಾಗಿ ಚುಚ್ಚಿ, ಅದೇ ಭಾಗದ ಚಿತ್ರವನ್ನು ಕೆಲವು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ತೆಗೆಯುತ್ತಾರೆ. ದ್ರವವು ಮೊದಲು ಧಮನಿಯಲ್ಲಿ, ಅನಂತರ ಪೋರ್ಟಲ್ ಅಭಿಧಮನಿಯಲ್ಲಿ ಕಾಣಿಸುತ್ತದೆ. ಈ ಅಂತರದಿಂದ, ನಿಮಿಷಕ್ಕೆ ಎಷ್ಟು ರಕ್ತ ಹರಿಯಿತು, ಅದರಲ್ಲಿ ಧಮನಿಯ ಪಾಲೆಷ್ಟು ಎಂಬುದನ್ನು ಗಣಕಯಂತ್ರವು ಲೆಕ್ಕಹಾಕಿ ಬಣ್ಣದ ನಕ್ಷೆಯಾಗಿ ತೋರಿಸುತ್ತದೆ.

ಇದರ ಪ್ರಯೋಜನವೇನು? ಗಡ್ಡೆಗೆ ರಕ್ತವೊಯ್ಯುವ ಧಮನಿಯನ್ನು ಮುಚ್ಚುವ ಚಿಕಿತ್ಸೆಯುಂಟು. ಹೊಸ ರಕ್ತನಾಳಗಳು ಹುಟ್ಟದಂತೆ ತಡೆಯುವ ಔಷಧಗಳೂ ಉಂಟು. ಇವು ಫಲಿಸಿದಾಗಲೂ ಗಡ್ಡೆಯ ಗಾತ್ರ ಒಡನೆಯೇ ಕುಗ್ಗಬೇಕೆಂದಿಲ್ಲ. ರಕ್ತದ ಹರಿವು ಮಾತ್ರ ಬೇಗನೆ ತಗ್ಗಬಹುದು. ದೊಡ್ಡಪ್ಪನವರ ವಿಷಯದಲ್ಲೂ ಹಾಗೆಯೇ ಆಯಿತು. ಗಡ್ಡೆಯ ಅಳತೆ ಇದ್ದಷ್ಟೇ ಇತ್ತು, ಅದರ ರಕ್ತ ಇಳಿದಿತ್ತು. ಔಷಧವನ್ನು ಬಿಡಬೇಕೆಂದಿದ್ದ ಅವರು ಮುಂದುವರಿಸಲು ಒಪ್ಪಿದರು.

ಆದರೆ ಇದು ಸರ್ವರೋಗ ಪರೀಕ್ಷೆಯಲ್ಲ. ಚಿತ್ರಗಳು ಹೆಚ್ಚಿದಂತೆ ದೇಹಕ್ಕೆ ತಾಗುವ ಕಿರಣವೂ ಹೆಚ್ಚು. ಮೂತ್ರಪಿಂಡ ದುರ್ಬಲವಾದವರಿಗೂ ಈ ದ್ರವ ಒಗ್ಗದವರಿಗೂ ಎಚ್ಚರಿಕೆ ಬೇಕು. ಉಸಿರಾಡುವಾಗ ಅಂಗವು ಸರಿಯುವುದರಿಂದ ಲೆಕ್ಕ ತಪ್ಪುವುದೂ ಉಂಟು. ಆದುದರಿಂದ ಅಲ್ಟ್ರಾಸೌಂಡ್, ಸಾಮಾನ್ಯ ಸಿ.ಟಿ.ಗಳ ಬಳಿಕ, ಅಗತ್ಯವಿದ್ದವರಿಗಷ್ಟೇ ಇದು ಯೋಗ್ಯ.

ಮದ್ಯಪಾನ, ಹೆಪಟೈಟಿಸ್ ‘ಬಿ’ ಮತ್ತು ‘ಸಿ’, ಅಂಗದಲ್ಲಿ ಸೇರುವ ಕೊಬ್ಬು, ಇವೇ ಸಿರೋಸಿಸ್‌ಗೆ ಮುಖ್ಯ ಕಾರಣಗಳು. ‘ಬಿ’ಗೆ ಲಸಿಕೆಯಿದೆ, ಸರಕಾರಿ ಆಸ್ಪತ್ರೆಗಳಲ್ಲಿ ಶಿಶುಗಳಿಗೆ ಉಚಿತವಾಗಿ ದೊರೆಯುತ್ತದೆ. ಕಾಮಾಲೆ ಕಂಡಾಗ ನೆಲನೆಲ್ಲಿಯ ರಸ ಕುಡಿದು ಸುಮ್ಮನಿರುವ ನಮ್ಮ ಹಳ್ಳಿಗರು ಒಮ್ಮೆ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ. ಪರೀಕ್ಷೆ ಯಾವುದೇ ಇರಲಿ, ‘ಇದು ಯಾಕೆ?’ ಎಂದು ವೈದ್ಯರನ್ನು ಕೇಳಲು ಯಾರೂ ಅಂಜಬೇಕಾಗಿಲ್ಲ. ಅಕ್ಷರ ಕಲಿತ ನಾವು ಹಿರಿಯರ ಪರವಾಗಿ ಆ ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಅವರ ಮಾತಿನಲ್ಲಿ ತಿಳಿಸಿದರೆ ನಮ್ಮ ವಿದ್ಯೆ ಅಷ್ಟರಮಟ್ಟಿಗೆ ಸಾರ್ಥಕ.