ವೈದ್ಯರೆದುರು ಚಿತ್ರವೇ ಮಾತು

ರೋಗಿಯು ಹೇಳುವ ವಿವರಣೆಯೇ ವೈದ್ಯರಿಗೆ ಮೊದಲನೆಯ ಆಧಾರ. ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಕಲ್ಯಾಣದ ರುಕ್ಮಿಣೀಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರೀನಗರ ಆಸ್ಪತ್ರೆ, ವಾಶಿಯ ಮಹಾನಗರಪಾಲಿಕೆಯ ಆಸ್ಪತ್ರೆ, ಇವುಗಳ ಸರದಿಯಲ್ಲಿ ನಿಲ್ಲುವ ನಮ್ಮ ಹೋಟೆಲ್ ಕೆಲಸಗಾರರಲ್ಲಿ ಅನೇಕರಿಗೆ ಮರಾಠಿ, ಹಿಂದಿಗಳು ಗಿರಾಕಿಯ ಆರ್ಡರು ಪಡೆಯುವಷ್ಟು ಬರುತ್ತವೆಯೇ ಹೊರತು ಒಡಲ ಸಂಕಟವನ್ನು ಬಿಡಿಸಿ ಹೇಳುವಷ್ಟು ಬಾರವು. ಉರಿ, ಸೆಳೆತ, ಚುಚ್ಚುವಿಕೆ, ಹಿಂಡುವಿಕೆ ಎಂದು ಕನ್ನಡದಲ್ಲಿ ಬೇರೆಬೇರೆಯಾಗಿ ನುಡಿಯಬಲ್ಲವನು ಅಲ್ಲಿ ‘ದುಖತೇ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತಾನೆ.

ನಾವು ಗಲ್ಲೆಯ ಮೇಲೆ ಕುಳಿತಿದ್ದ ವರ್ಷಗಳಲ್ಲಿ ಹುಡುಗರ ಪರವಾಗಿ ದುಭಾಷಿಗಳಾಗಿ ಹೋದದ್ದುಂಟು. ಆದರೆ ಮೂಲವ್ಯಾಧಿಯನ್ನೋ ಮೂತ್ರದ ಉರಿಯನ್ನೋ ಮಾಲೀಕನೆದುರು ಬಾಯಿಬಿಟ್ಟು ಹೇಳಲು ಯಾವ ಹುಡುಗನಿಗೆ ಸಂಕೋಚವಿಲ್ಲ? ಕೆಲಸ ಹೋದೀತೆಂಬ ಭಯ ಬೇರೆ. ಚಿತ್ರಕ್ಕಾದರೋ ಮೂರನೆಯವನು ಬೇಡ.

ಅಪೆಂಡಿಸೈಟಿಸ್ ಬೇನೆಯನ್ನೇ ನೋಡಿರಿ. ಅದರ ನೋವು ಸಾಮಾನ್ಯವಾಗಿ ಹೊಕ್ಕುಳಿನ ಸುತ್ತ ಮೊದಲಾಗಿ, ಕೆಲವು ಗಂಟೆಗಳಲ್ಲಿ ಕಿಬ್ಬೊಟ್ಟೆಯ ಬಲಬದಿಗೆ ಸರಿದು ನಿಲ್ಲುತ್ತದೆ. ತಡವಾಗಿ ಅಪೆಂಡಿಕ್ಸ್ ಒಡೆದರೆ ಪ್ರಾಣಕ್ಕೇ ಸಂಚಕಾರ. ‘ಪೋಟ್ ದುಖತೇ’ ಎಂಬ ಮಾತಿನಲ್ಲಿ ಈ ಸರಿದಾಟ ಕಾಣದು. ಕಾಗದದ ಮೇಲೆ ಮನುಷ್ಯಾಕೃತಿಯೊಂದನ್ನು ಗೀಚಿ, ಹೊಕ್ಕುಳಿನಿಂದ ಬಲಕ್ಕೆ ಬಾಣದ ಗುರುತೆಳೆದು, ನೋವು ಮೊದಲಾದೆಡೆ ಚಂದ್ರನನ್ನೂ ಈಗಿರುವೆಡೆ ಸೂರ್ಯನನ್ನೂ ಬರೆದು, ಗಂಟೆಯನ್ನು ಇಂಗ್ಲಿಷ್ ಅಂಕಿಗಳಲ್ಲಿ ನಮೂದಿಸಿದರೆ ವೈದ್ಯರಿಗೆ ಒಂದೇ ನೋಟದಲ್ಲಿ ಸಂಗತಿ ತಿಳಿದೀತು.

ನೋವಿನ ಪ್ರಮಾಣಕ್ಕೂ ಚಿತ್ರವುಂಟು. ಅಮೇರಿಕೆಯ ಟಲ್ಸಾ ನಗರದಲ್ಲಿ ಸುಟ್ಟಗಾಯಗಳಿಂದ ನರಳುವ ಮಕ್ಕಳ ನಡುವೆ ದುಡಿಯುತ್ತಿದ್ದ ಡೊನ್ನಾ ವಾಂಗ್ ಮತ್ತು ಕೋನಿ ಬೇಕರ್ ಎಂಬ ಮಹಿಳೆಯರು ೧೯೮೩ರಲ್ಲಿ ಆರು ಮುಖಗಳ ಪಟ್ಟಿಯೊಂದನ್ನು ರೂಪಿಸಿದರು. ನಗುಮುಖಕ್ಕೆ ಸೊನ್ನೆ, ಕಣ್ಣೀರಿಡುವ ಮುಖಕ್ಕೆ ಹತ್ತು. ಮುಖವನ್ನು ಆರಿಸಬೇಕಾದವನು ರೋಗಿಯೇ. ಅವನ ಮೋರೆ ನೋಡಿ ಇತರರು ಊಹಿಸತಕ್ಕದ್ದಲ್ಲ. ಇಂದು ಈ ಪಟ್ಟಿಯನ್ನು ದೊಡ್ಡವರಿಗೂ ಬಳಸುತ್ತಾರೆ.

ಜೇಬಿನ ಮೊಬೈಲೂ ಇಲ್ಲಿ ಉಪಕಾರಿ. ರಾತ್ರಿ ಎದ್ದ ಪಿತ್ತದ ಗಂಧೆ ಬೆಳಗಿನ ಸರದಿಯ ಹೊತ್ತಿಗೆ ಮಾಯವಾಗಬಹುದು. ದಿನವಿಡೀ ನಿಂತು ಬಾತ ಕಾಲು ನಿದ್ದೆಯಿಂದ ಇಳಿಯಬಹುದು. ಕಂಡಾಗಲೇ ಒಳ್ಳೆಯ ಬೆಳಕಿನಲ್ಲಿ ಹತ್ತಿರದಿಂದೊಂದು, ದೂರದಿಂದೊಂದು ಚಿತ್ರ ತೆಗೆದಿಟ್ಟುಕೊಳ್ಳಿ. ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯವಿರಲಿ. ನುಂಗುತ್ತಿರುವ ಮಾತ್ರೆಗಳ ಪಟ್ಟಿಯದೂ ಹಳೆಯ ವರದಿಗಳದೂ ಚಿತ್ರವಿರಲಿ. ಇವು ವೈದ್ಯರಿಗೆ ತೋರಿಸಲಿಕ್ಕೆ; ಗೆಳೆಯರ ವಾಟ್ಸಾಪಿಗೆ ಕಳಿಸಿ ಔಷಧ ಕೇಳಲಿಕ್ಕಲ್ಲ.

ಮರಳುವಾಗಲೂ ಚಿತ್ರವನ್ನೇ ಕೇಳಿ ಪಡೆಯಿರಿ. ಮಾತ್ರೆಯ ಪೊಟ್ಟಣದ ಮೇಲೆ ಬೆಳಗಿಗೆ ಸೂರ್ಯ, ರಾತ್ರಿಗೆ ಚಂದ್ರ, ಊಟಕ್ಕೆ ಮುಂಚೆ ಬರಿದಾದ ತಟ್ಟೆ, ಅನಂತರ ತುಂಬಿದ ತಟ್ಟೆ: ಇಷ್ಟನ್ನು ಬರೆದುಕೊಡಲು ಔಷಧದಂಗಡಿಯವರಿಗೆ ಅರೆನಿಮಿಷ ಸಾಕು.

ಒಂದು ಎಚ್ಚರಿಕೆ: ಎದೆ ಹಿಂಡಿದಂತಾದರೆ, ಉಸಿರು ಕಟ್ಟಿದರೆ, ಬಾಯಿ ಸೊಟ್ಟಗಾಗಿ ಕೈ ಸೋತರೆ ಚಿತ್ರ ಬರೆಯುತ್ತ ಕೂರಬಾರದು, ಕೂಡಲೇ ೧೦೮ಕ್ಕೆ ಕರೆಮಾಡಬೇಕು.

ಹೋಟೆಲ್ ಮಾಲೀಕ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಮುಂಬದಿ, ಹಿಂಬದಿಗಳ ಮನುಷ್ಯಾಕೃತಿಯನ್ನೂ ಆರು ಮುಖಗಳನ್ನೂ ಅಚ್ಚುಹಾಕಿಸಿದ ಹಾಳೆಗಳ ಕಟ್ಟೊಂದನ್ನು ಕೆಲಸಗಾರರು ಮಲಗುವ ಕೋಣೆಯಲ್ಲಿ ತೂಗುಹಾಕಿರಿ. ಗಲ್ಲೆಯ ಬಳಿ ಬೇಡ. ಯಾರು ಹಾಳೆ ಹರಿದುಕೊಂಡರೆಂಬುದು ನಮಗೆ ತಿಳಿಯಬೇಕಾದ ಅಗತ್ಯವಿಲ್ಲ.