ನಾಗರಹಾವು ನೋಡಿದವರಿಗೆ ಪುಸ್ತಕ ಎಲ್ಲಿ?

ಅಂಗಡಿಯವರಿಗೆ ಈ ಪಾಠ ಹೇಳಿಕೊಡಬೇಕಿಲ್ಲ. ಜೂನ್ ಬಂತು ಅಂದರೆ ನೋಟ್‌ಬುಕ್ಕು, ಛತ್ರಿ ಮುಂದಕ್ಕೆ ಬರುತ್ತವೆ. ಗೌರಿ ಹಬ್ಬಕ್ಕೆ ಬಾಗಿನದ ಮರ, ಬಳೆ. ಸಂಕ್ರಾಂತಿಗೆ ಎಳ್ಳು, ಸಕ್ಕರೆ ಅಚ್ಚು. ಎಲ್ಲವನ್ನೂ ಗೋಡೌನಿನಲ್ಲಿಟ್ಟು 'ಬೇಕಾದವರು ಕೇಳಲಿ' ಅಂತ ಕೂತರೆ ಸಂಜೆ ಗಲ್ಲಾಪೆಟ್ಟಿಗೆ ಖಾಲಿ! ಆದರೆ ಊರೂರ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಬಹಳ ಕಡೆ ನಡೆಯುತ್ತಿರುವುದು ಈ ಗೋಡೌನ್ ವ್ಯಾಪಾರವೇ. ಪತ್ರಿಕೆ ಓದುವವರು, ಪರೀಕ್ಷೆಗೆ ಓದುವ ಹುಡುಗರು ತುಂಬಿರುತ್ತಾರೆ ನಿಜ. ಕಥೆ ಕಾದಂಬರಿಗಳು ಮಾತ್ರ ಬೀರುವಿನೊಳಗೆ ಜನರಿಗೆ ಬೆನ್ನು ತೋರಿಸಿ ನಿಂತಿರುತ್ತವೆ.

ಪುಸ್ತಕ ಪ್ರದರ್ಶನ ಇಲ್ಲವೇ ಇಲ್ಲ ಅಂತಲ್ಲ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಟೇಪು ಕತ್ತರಿಸೋದು, ದೀಪ ಹಚ್ಚೋದು, ಫೋಟೋಕ್ಕೆ ಹಾರ. ಮೇಜಿನ ಮೇಲೆ ದಪ್ಪ ದಪ್ಪ ಹೊಸ ಪುಸ್ತಕ, ಪಕ್ಕದಲ್ಲಿ 'ಮುಟ್ಟಬೇಡಿ' ಎಂಬ ಚೀಟಿ. ಅತಿಥಿಗಳು ಕಾರು ಹತ್ತಿದರೋ ಇಲ್ಲವೋ, ಪುಸ್ತಕಗಳು ಮತ್ತೆ ಬೀರುವಿಗೆ.

ಇದು ಯಾರ ದುಡ್ಡು ಸ್ವಾಮಿ? ಕಂದಾಯದ ರಸೀದಿ ತೆಗೆದು ನೋಡಿ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಬೀಳುತ್ತದೆ, ಈಗ ಅದು ಶೇಕಡಾ 6. ಅಂಗಡಿ ಮಳಿಗೆಗೂ ಬಿಟ್ಟಿಲ್ಲ. ಕೊಟ್ಟವರಿಗೆ ತಾವು ಕೊಂಡ ಸರಕು ಕಣ್ಣಿಗಾದರೂ ಬೀಳಬೇಡವೇ?

ಖರ್ಚಿಲ್ಲದ ದಾರಿ ಒಂದಿದೆ. ಬಾಗಿಲ ಹತ್ತಿರ ಒಂದು ಹಳೇ ಮೇಜು, ಮೇಲೆ ಬಿಳಿ ಬಟ್ಟೆ, ದಪ್ಪಕ್ಷರದ ಒಂದು ಬೋರ್ಡು: 'ಸಿನಿಮಾ ನೋಡಿದ್ದೀರಿ, ಪುಸ್ತಕ ಓದಿದ್ದೀರಾ?' ನಾಗರಹಾವು ಚಿತ್ರವನ್ನು ನೋಡದವರು ಕಡಿಮೆ. ಪುಟ್ಟಣ್ಣ ಕಣಗಾಲರು 1972ರಲ್ಲಿ ಆ ಒಂದು ಸಿನಿಮಾಕ್ಕೆ ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿದ್ದರು ಅನ್ನೋದು ಎಷ್ಟು ಜನಕ್ಕೆ ಗೊತ್ತು? 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪ ಮತ್ಸರ' ಮೂರನ್ನೂ ಸಾಲಾಗಿ ನಿಲ್ಲಿಸಿದರೆ ಯಾರ ಕೈ ತಾನೇ ಸುಮ್ಮನಿರುತ್ತದೆ! ಪಕ್ಕದಲ್ಲೇ ತ್ರಿವೇಣಿಯವರ 'ಬೆಳ್ಳಿಮೋಡ', 'ಶರಪಂಜರ'. ಪಾಪ, ಆಕೆ 1963ರಲ್ಲೇ ತೀರಿಕೊಂಡರು. ಎರಡೂ ಚಿತ್ರ ಬಂದದ್ದು ಆಮೇಲೆ. ಇಂಥ ಒಂದು ಸಾಲನ್ನು ಚೀಟಿಯಲ್ಲಿ ಬರೆದಿಟ್ಟರೆ ಸಾಕು, ಪುಸ್ತಕ ತಾನೇ ಮಾತಾಡುತ್ತದೆ. ಕಾರಂತರ 'ಚೋಮನ ದುಡಿ', ಅನಂತಮೂರ್ತಿಯವರ 'ಸಂಸ್ಕಾರ', ಟಿ.ಕೆ. ರಾಮರಾಯರ 'ಬಂಗಾರದ ಮನುಷ್ಯ'... ಮೇಜೇ ಸಾಲದು.

ರಾಶಿ ಹಾಕಬಾರದು, ಅಷ್ಟೆ. ಹದಿನೈದು ಪುಸ್ತಕ ಸಾಕು. ಬೆನ್ನಲ್ಲ, ಮುಖಪುಟ ಕಾಣಬೇಕು. ಎಲ್ಲಕ್ಕಿಂತ ಮುಖ್ಯ, ಕೇಳಿದ ಕೂಡಲೇ ಮನೆಗೆ ಕೊಡಬೇಕು. ಮೂರು ನಾಲ್ಕು ವಾರಕ್ಕೆ ವಿಷಯ ಬದಲಾಗಲಿ: ಮುಂಗಾರಿಗೆ ಬೇಸಾಯ, ಜನವರಿ 31ಕ್ಕೆ ಬೇಂದ್ರೆ, ಪರೀಕ್ಷೆ ಮುಗಿದ ಮೇಲೆ ಮಕ್ಕಳ ಕಥೆ.

'ಕಳೆದುಹೋದರೆ ಯಾರು ಕಟ್ಟಿಕೊಡ್ತಾರೆ?' ಅಂತ ಗ್ರಂಥಪಾಲಕರು ಕೇಳುವುದು ಸುಳ್ಳು ಭಯವಲ್ಲ. ಲೆಕ್ಕ ಕೊಡಬೇಕಾದವರು ಅವರೇ. ಹಾಗಾಗಿ ಮೇಜು ಪುಸ್ತಕ ಕೊಡುವ ಕೌಂಟರಿನ ಎದುರಿಗೇ ಇರಲಿ, ಕಣ್ಣಳತೆಯಲ್ಲಿ. ಆದರೆ ಭಯಕ್ಕೆ ಮದ್ದು ಬೀಗವಲ್ಲ. ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಬರೆದಿಟ್ಟರು. ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಅಂತ. ಕಪಾಟು ಜನರಿಗೆ ತೆರೆದಿರಬೇಕು ಅಂತಲೂ ವಾದಿಸಿದರು. ಅವರು ಕಣ್ಣುಮುಚ್ಚಿದ್ದು ಬೆಂಗಳೂರಿನಲ್ಲೇ, ನಾಗರಹಾವು ಬಂದ ಅದೇ 1972ರಲ್ಲಿ.

ಮೇಜು ಹಾಕಿದ ಮೇಲೆ ಯಾವ ಪುಸ್ತಕ ಎಷ್ಟು ಬೇಗ ಹೋಯಿತು ಅಂತ ರಿಜಿಸ್ಟರಿನಲ್ಲಿ ಗುರುತು ಹಾಕಿದರೆ ಮುಂದಿನ ಸಲ ಯಾವುದರ ಇನ್ನೊಂದು ಪ್ರತಿ ತರಿಸಬೇಕು ಅನ್ನೋದೂ ತಿಳಿಯುತ್ತದೆ. ತ್ರಿವೇಣಿ ಮೂರೇ ದಿನಕ್ಕೆ ಖಾಲಿಯಾದರೆ ಆ ಜಾಗಕ್ಕೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಇಡಬಹುದು. ಪ್ರೇಮಾ ಕಾರಂತರು ಅದನ್ನೂ ಸಿನಿಮಾ ಮಾಡಿದ್ದಾರೆ.