ಎತ್ತುವುದು ಒಂದು, ಹೊರುವುದು ಇನ್ನೊಂದು

ಸ್ಪೋರ್ಟ್ಸ್ ಕಾರಿನ ಸೊಗಸಿಗೂ ಸಾಮರ್ಥ್ಯಕ್ಕೂ ಮೂಲವಾದುದು ನೆಲದೊಡನೆ ಅದಕ್ಕಿರುವ ಸಾಮೀಪ್ಯ. ಗುರುತ್ವಕೇಂದ್ರವು ತಗ್ಗಿದಷ್ಟೂ ತಿರುವುಗಳಲ್ಲಿ ಗಾಡಿ ವಾಲುವುದು ಕಡಮೆಯಾಗುವುದರಿಂದ, ನಿರ್ಮಾಪಕರು ಅದನ್ನು ಸಾಧ್ಯವಾದಷ್ಟು ಕೆಳಕ್ಕಿಳಿಸಿ ಕಟ್ಟುತ್ತಾರೆ. ರಸ್ತೆಯಲ್ಲಿ ಗುಣವೆನಿಸಿದ ಈ ಲಕ್ಷಣವೇ, ಎಂಜಿನ್ ಆಯಿಲ್ ಬದಲಿಸಬೇಕಾದಾಗ ಅಥವಾ ಬ್ರೇಕಿನ ಕೊಳವೆಗಳನ್ನು ಪರೀಕ್ಷಿಸಬೇಕಾದಾಗ ತೊಡಕಾಗಿ ಪರಿಣಮಿಸುತ್ತದೆ. ಏಕೆಂದರೆ ಕೈ ತೂರಿಸುವುದೇ ಪ್ರಯಾಸವಾದ ಎಡೆಯಲ್ಲಿ ಮನುಷ್ಯನು ಮಲಗಿ ಕೆಲಸಮಾಡುವುದು ಅಸಾಧ್ಯ. ಆದುದರಿಂದ ಗಾಡಿಯನ್ನು ಜ್ಯಾಕಿನಿಂದ ಮೇಲೆತ್ತಿ, ಉಕ್ಕಿನ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ತರುವಾಯ ಅದರ ಅಡಿಗೆ ಹೋಗುವ ಪದ್ಧತಿಯು, ಮೆಕ್ಯಾನಿಕ್ಕಿನ ಕೂಲಿ ದುಬಾರಿಯಾಗಿಯೂ ಮನೆಗೆ ಸೇರಿದ ಗ್ಯಾರೇಜು ಸಾಮಾನ್ಯವಾಗಿಯೂ ಇರುವ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ.

ಇಂಥ ಗ್ಯಾರೇಜುಗಳಲ್ಲಿ ಬಹಳವಾಗಿ ಕಾಣಸಿಗುವ ಒಂದು ಕಾರನ್ನೇ ನಿದರ್ಶನವಾಗಿ ಇಟ್ಟುಕೊಳ್ಳೋಣ. 1989ರ ಫೆಬ್ರವರಿಯಲ್ಲಿ ಷಿಕಾಗೋ ನಗರದ ವಾಹನ ಪ್ರದರ್ಶನದಲ್ಲಿ ಜಪಾನಿನ ಮಜ್ದಾ ಕಂಪನಿಯು ಎಂಎಕ್ಸ್-5 ಎಂಬ ಎರಡು ಆಸನಗಳ ತೆರೆದ ಕಾರನ್ನು ಜಗತ್ತಿಗೆ ಪರಿಚಯಿಸಿತು; ಅಮೆರಿಕದವರು ಅದನ್ನು ಮಿಯಾಟಾ ಎಂದು ಕರೆದರು. 2016ರಲ್ಲಿ ಹತ್ತು ಲಕ್ಷನೆಯ ಗಾಡಿ ತಯಾರಾಗುವಷ್ಟು ಅದು ಜನಪ್ರಿಯವಾಯಿತು. ಮೊದಲ ತಲೆಮಾರಿನ ಕಾರಿನ ತೂಕ ಹೆಚ್ಚುಕಡಮೆ ಒಂದು ಟನ್ನು; ಆ ತೂಕ ಹಿಂದಕ್ಕೂ ಮುಂದಕ್ಕೂ ಬಹುತೇಕ ಸಮಭಾಗವಾಗಿ ಹಂಚಿಹೋಗಿದೆ. ಕಾರು ಚಿಕ್ಕದು, ಹಗುರವಾದುದು ಎಂಬ ಕೀರ್ತಿಯಿಂದ ಯಾರೂ ಮೋಸಹೋಗಬಾರದು. ನಾಲ್ಕು ಮೂಲೆಗಳಲ್ಲಿ ಒಂದೊಂದರ ಮೇಲೆಯೂ ಸುಮಾರು 250 ಕಿಲೋಗ್ರಾಂ ಭಾರವಿರುತ್ತದೆ. ಅದು ಎದೆಯ ಮೇಲೆ ಕುಳಿತರೆ ಕೂಗಿ ಕರೆಯುವುದಕ್ಕೂ ಉಸಿರು ಉಳಿಯಲಾರದು.

ಈಗ ಜ್ಯಾಕಿನ ಸ್ವಭಾವವನ್ನು ವಿಚಾರಿಸೋಣ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂಬ ತತ್ತ್ವವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ನಿರೂಪಿಸಿದನು. ಆ ತತ್ತ್ವವನ್ನು ಆಧರಿಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ದ್ರವಶಕ್ತಿಯ ಒತ್ತುಯಂತ್ರಕ್ಕೆ ಪೇಟೆಂಟು ಪಡೆದನು. 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಡ್ಜನ್ ಅದನ್ನು ಹೊತ್ತೊಯ್ಯಬಹುದಾದ ಜ್ಯಾಕಿನ ರೂಪಕ್ಕೆ ತಂದನು. ಇಂದಿನ ಟ್ರಾಲಿ ಜ್ಯಾಕಿನಲ್ಲಿ ಕೈಹಿಡಿಯನ್ನು ಒತ್ತಿದಾಗ ಸಣ್ಣ ಪಿಸ್ಟನ್ನು ಎಣ್ಣೆಯನ್ನು ದೊಡ್ಡ ಪಿಸ್ಟನ್ನಿನ ಕಡೆಗೆ ತಳ್ಳುತ್ತದೆ. ದೊಡ್ಡದರ ವಿಸ್ತೀರ್ಣ ಎಷ್ಟು ಪಾಲು ಹೆಚ್ಚೋ ಬಲವೂ ಅಷ್ಟು ಪಾಲು ಹೆಚ್ಚುತ್ತದೆ, ಏರುವ ಎತ್ತರ ಮಾತ್ರ ಅಷ್ಟೇ ಪಾಲು ತಗ್ಗುತ್ತದೆ. ಒಬ್ಬನ ತೋಳಿನಿಂದ ಟನ್ನಿನ ಗಾಡಿ ಮೇಲೇಳುವ ಈ ವ್ಯವಸ್ಥೆ ನಿಜವಾಗಿಯೂ ಪ್ರಶಂಸಾರ್ಹ. ಆದರೆ ಮೇಲೆದ್ದ ಭಾರವನ್ನು ತಡೆದು ನಿಲ್ಲಿಸಿರುವುದು ಒಂದಿಷ್ಟು ಎಣ್ಣೆ, ಅದನ್ನು ಸೋರದಂತೆ ಕಾಯುವ ರಬ್ಬರಿನ ಬಳೆ, ಮತ್ತು ಪುಟ್ಟದೊಂದು ಕವಾಟ ಮಾತ್ರ. ಬಳೆ ಸವೆದರೆ, ಕವಾಟದಲ್ಲಿ ಕಸದ ಕಣವೊಂದು ಸಿಕ್ಕಿಕೊಂಡರೆ, ಯಾರಾದರೂ ಅರಿಯದೆ ಕೈಹಿಡಿಯನ್ನು ತಿರುಗಿಸಿದರೆ ಭಾರವೆಲ್ಲ ಕೆಳಗಿಳಿಯುತ್ತದೆ. ಎತ್ತುವುದಕ್ಕಾಗಿ ಹುಟ್ಟಿದ ಸಾಧನವನ್ನು ಹೊರುವುದಕ್ಕೆ ನೇಮಿಸಬಾರದು. ಈ ಕೆಲಸದ ಸಮಸ್ತ ನಿಯಮಗಳೂ ಈ ಒಂದು ಮಾತಿನಿಂದಲೇ ಹೊರಡುತ್ತವೆ.

ಹೊರುವ ಕೆಲಸ ಸ್ಟ್ಯಾಂಡಿನದು. ಅದರಲ್ಲಿ ಎಣ್ಣೆಯಿಲ್ಲ, ಕವಾಟವಿಲ್ಲ. ಅಗಲವಾದ ಕಾಲುಗಳ ಮೇಲೆ ಉಕ್ಕಿನ ಕಂಬವೊಂದು ನಿಂತಿರುತ್ತದೆ, ಆ ಕಂಬವನ್ನು ಬೇಕಾದ ಎತ್ತರದಲ್ಲಿ ಹಲ್ಲುಕೊಂಡಿಯೋ ಅಡ್ಡ ತೂರಿಸಿದ ಪಿನ್ನೋ ಹಿಡಿದಿಡುತ್ತದೆ. ಆದರೂ ಇದನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಎಂಬ ಮಾರಾಟ ಸಂಸ್ಥೆಯು ತಾನು ಮಾರಿದ ಲಕ್ಷಗಟ್ಟಲೆ ಸ್ಟ್ಯಾಂಡುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ತಯಾರಿಕೆಯ ಅಚ್ಚುಗಳು ಸವೆದುದರಿಂದ ಕಂಬದ ಹಲ್ಲಿಗೂ ಕೊಂಡಿಗೂ ಸಾಕಷ್ಟು ಆಳದ ಹಿಡಿತ ದೊರೆಯದೆ, ಭಾರವು ಅಲುಗಿದಾಗ ಕಂಬ ಜಾರುವ ಸಂಭವವಿತ್ತು. ಬದಲಿಗೆ ಮಾರಾಟಕ್ಕೆ ಬಂದ ಕೆಲವು ಸ್ಟ್ಯಾಂಡುಗಳಲ್ಲಿ ಬೆಸುಗೆಯ ದೋಷ ಕಂಡುಬಂದು ಅವುಗಳನ್ನೂ ಅದೇ ವರ್ಷ ಹಿಂತೆಗೆದುಕೊಂಡರು. ಆದುದರಿಂದ ಪ್ರತಿ ಸಲವೂ ಬೆಸುಗೆಯನ್ನು ನೋಡುವುದು, ಕೊಂಡಿಯು ಹಲ್ಲಿನ ಬುಡದವರೆಗೆ ಕುಳಿತಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನಿಶ್ಚಯಿಸಿಕೊಳ್ಳುವುದು ಅವಶ್ಯ. ಸ್ಟ್ಯಾಂಡಿಗೆ ಬದಲಾಗಿ ಸಿಮೆಂಟ್ ಬ್ಲಾಕನ್ನಾಗಲಿ ಇಟ್ಟಿಗೆಯನ್ನಾಗಲಿ ಕೊಡುವುದು ಸರ್ವಥಾ ಕೂಡದು. ಉಕ್ಕು ಮುರಿಯುವ ಮುನ್ನ ಬಾಗುತ್ತದೆ, ಬ್ಲಾಕು ಸುಳಿವನ್ನೇ ಕೊಡದೆ ಒಡೆದು ಪುಡಿಯಾಗುತ್ತದೆ.

ನೆಲವು ಸಮತಟ್ಟಾಗಿ, ಗಟ್ಟಿಯಾದ ಕಾಂಕ್ರೀಟಿನದಾಗಿರಬೇಕು. ಡಾಂಬರು ಬಿಸಿಲಿಗೆ ಮೆತ್ತಗಾಗಿ ಸ್ಟ್ಯಾಂಡಿನ ಕಾಲು ಹೂತುಕೊಳ್ಳುತ್ತದೆ. ಜಲ್ಲಿಯೂ ಇಳಿಜಾರೂ ಈ ಕೆಲಸಕ್ಕೆ ನಿಷಿದ್ಧ.

ಇನ್ನು ಗಾಲಿಗೆ ಕೊಡುವ ಬೆಣೆಯ ವಿಷಯ. ಅಲ್ಪವೆಂದು ತೋರುವ ಇದರ ಮಹತ್ತ್ವವನ್ನು ಎಂಎಕ್ಸ್-5ರಂಥ ಗಾಡಿ ವಿಶದವಾಗಿ ತೋರಿಸಿಕೊಡುತ್ತದೆ. ಅದರ ಎಂಜಿನ್ ಮುಂದಿದ್ದರೂ ಶಕ್ತಿ ಹರಿಯುವುದು ಹಿಂದಿನ ಚಕ್ರಗಳಿಗೆ. ಹ್ಯಾಂಡ್‌ಬ್ರೇಕು ಹಿಡಿಯುವುದೂ ಹಿಂದಿನ ಚಕ್ರಗಳನ್ನೇ. ಹೀಗಾಗಿ ಹಿಂಭಾಗವನ್ನು ಎತ್ತಿದೊಡನೆ, ಹ್ಯಾಂಡ್‌ಬ್ರೇಕು ಎಳೆದಿದೆ, ಗಾಡಿ ಗೇರಿನಲ್ಲಿದೆ ಎಂದು ಚಾಲಕನು ನಂಬಿಕೊಂಡ ಎರಡು ರಕ್ಷಣೆಗಳೂ ಆಕಾಶದಲ್ಲಿ ತೂಗುವ ಚಕ್ರಗಳಿಗೆ ಸೇರಿಹೋಗುತ್ತವೆ. ನೆಲದ ಮೇಲೆ ಉಳಿದ ಮುಂದಿನ ಚಕ್ರಗಳು ಯಾವ ತಡೆಯೂ ಇಲ್ಲದೆ ಉರುಳಲು ಸ್ವತಂತ್ರವಾಗುತ್ತವೆ. ಸ್ಪ್ಯಾನರಿನಿಂದ ಬಲವಾಗಿ ಒಂದು ನಟ್ಟನ್ನು ಎಳೆದರೂ ಸಾಕು, ಗಾಡಿ ಅಂಗುಲವಷ್ಟು ಸರಿದು ಸ್ಟ್ಯಾಂಡು ಮಗುಚಬಹುದು. ಆದುದರಿಂದ ನೆಲದಲ್ಲಿ ಉಳಿಯುವ ಪ್ರತಿಯೊಂದು ಚಕ್ರಕ್ಕೂ ಹಿಂದೆ ಮುಂದೆ ಎರಡು ಕಡೆಯೂ ಬೆಣೆ ಕೊಡತಕ್ಕದ್ದು. ತೇರಿನ ಗಾಲಿಯ ಪಕ್ಕದಲ್ಲಿ ಬೆಣೆ ಹಿಡಿದು ನಿಂತವನ ಜವಾಬ್ದಾರಿ ಹಗ್ಗ ಎಳೆಯುವ ನೂರು ಜನರದಕ್ಕಿಂತ ಗುರುತರವಾದುದೆಂಬುದು ನಮ್ಮ ಊರುಗಳಲ್ಲಿ ಎಲ್ಲರೂ ಬಲ್ಲ ಸಂಗತಿ.

ಜ್ಯಾಕನ್ನು ಎಲ್ಲಿ ಕೊಡಬೇಕೆಂಬುದು ಮುಂದಿನ ಪ್ರಶ್ನೆ. ಈ ಕಾರಿನಲ್ಲಿ ಟ್ರಾಲಿ ಜ್ಯಾಕಿಗೆ ಯುಕ್ತವಾದ ಸ್ಥಾನಗಳು ಎರಡು: ಮುಂದೆ, ಎಂಜಿನ್ನಿನ ಕೆಳಗೆ ಅಡ್ಡಲಾಗಿ ಹಾಯ್ದಿರುವ ದಪ್ಪ ತೊಲೆಯ ಮಧ್ಯಭಾಗ, ಹಿಂದೆ, ಹಿಂಚಕ್ರಗಳಿಗೆ ಶಕ್ತಿಯನ್ನು ಹಂಚುವ ಡಿಫರೆನ್ಶಿಯಲ್ಲಿನ ಗಟ್ಟಿಯಾದ ಹೊರಕವಚ. ಮುಂದಿನ ತೊಲೆ ಮೂತಿಯಿಂದ ಬಹಳ ಒಳಗಿರುವುದರಿಂದ ತಗ್ಗಾದ ಜ್ಯಾಕು ಬೇಕು. ಇಲ್ಲವಾದರೆ ಮುಂಚಕ್ರಗಳನ್ನು ಒಂದೂವರೆ ಅಂಗುಲ ದಪ್ಪದ ಮರದ ಹಲಗೆಗಳ ಮೇಲೆ ಹತ್ತಿಸಿಕೊಂಡರೆ ಜ್ಯಾಕಿಗೆ ಎಡೆ ದೊರೆಯುತ್ತದೆ. ಸ್ಟ್ಯಾಂಡುಗಳಿಗೆ ನಿಗದಿಯಾದ ಸ್ಥಳ ಬಾಗಿಲ ಕೆಳಗೆ ಉದ್ದಕ್ಕೂ ಸಾಗುವ ಸಿಲ್ ಎಂಬ ಪೊಳ್ಳು ಭಾಗದ ಅಡಿಯಂಚು. ಎರಡು ತಗಡುಗಳನ್ನು ಕೂಡಿಸಿ ಬೆಸೆದ ಆ ಅಂಚಿನಲ್ಲಿ, ಮುಂಚಕ್ರದ ಹಿಂದೆಯೂ ಹಿಂಚಕ್ರದ ಮುಂದೆಯೂ ಜೋಡಿ ಕಚ್ಚುಗಳು ಕಾಣುತ್ತವೆ. ಆ ಕಚ್ಚುಗಳ ನಡುವೆ ಮಾತ್ರ ತಗಡಿಗೆ ಒಳಗಿನಿಂದ ಬಲ ಕೊಟ್ಟಿರುತ್ತಾರೆ. ಅಂಚು ಮಡಚಿಹೋಗದಂತೆ, ನಡುವೆ ಸೀಳಿರುವ ರಬ್ಬರಿನ ದಿಂಡನ್ನು ಸ್ಟ್ಯಾಂಡಿನ ತಲೆಯ ಮೇಲೆ ಇಡುವುದು ಲೇಸು. ಹಳೆಯ ಗಾಡಿಯಾದರೆ ಇನ್ನೊಂದು ಎಚ್ಚರ ಬೇಕು. ಮಡಿಸುವ ಚಾವಣಿಯ ಮೇಲೆ ಬಿದ್ದ ಮಳೆನೀರು ಹರಿದುಹೋಗುವ ಕಿಂಡಿಗಳು ಕಸದಿಂದ ಕಟ್ಟಿಕೊಂಡರೆ ನೀರು ಸಿಲ್ಲಿನೊಳಗೆ ನಿಂತು, ಹಿಂಚಕ್ರದ ಬಳಿ ಉಕ್ಕನ್ನು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹೊರಗಿನ ಬಣ್ಣ ನಿರ್ಮಲವಾಗಿದ್ದರೂ ಒಳಗೆ ಸತ್ತ್ವವಿಲ್ಲದ ಇಂಥ ಅಂಚಿನ ಮೇಲೆ ಭಾರ ಬಿದ್ದಾಗ ಅದು ಕುಸಿಯುತ್ತದೆ. ಆದುದರಿಂದ ಮೊದಲು ಬೆರಳಿನಿಂದ ತಟ್ಟಿ, ಒತ್ತಿ ನೋಡಬೇಕು.

ಎತ್ತುವ ಮುನ್ನ, ಕಳಚಬೇಕಾದ ಚಕ್ರಗಳ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿಕೊಳ್ಳಬೇಕು. ಜ್ಯಾಕು ಏರುತ್ತಿದ್ದಂತೆ ಗಾಡಿಯ ಮೂತಿ ಹಿಂಚಕ್ರಗಳನ್ನು ಕೇಂದ್ರವಾಗಿಟ್ಟುಕೊಂಡು ಬಾಗಿದ ರೇಖೆಯಲ್ಲಿ ಮೇಲಕ್ಕೆ ಹೋಗುತ್ತದೆ. ಜ್ಯಾಕಿನ ತೋಳು ಬೇರೊಂದು ಬಾಗಿದ ರೇಖೆಯಲ್ಲಿ ಏರುತ್ತದೆ. ಈ ಎರಡರ ಅಂತರವನ್ನು ಸರಿದೂಗಿಸಲು ಜ್ಯಾಕು ತನ್ನ ಪುಟ್ಟ ಗಾಲಿಗಳ ಮೇಲೆ ತಾನಾಗಿ ಸರಿಯಬೇಕು. ಸಂದಿಗೋ ಕಲ್ಲಿಗೋ ಸಿಕ್ಕಿ ಅದು ಸರಿಯದಿದ್ದರೆ ತೊಲೆಯಿಂದ ಜಾರುತ್ತದೆ. ಬೇಕಾದ ಎತ್ತರ ಬಂದಮೇಲೆ ಎರಡು ಪಕ್ಕದಲ್ಲಿಯೂ ಒಂದೇ ಹಲ್ಲಿನಲ್ಲಿ ನಿಲ್ಲಿಸಿದ ಸ್ಟ್ಯಾಂಡುಗಳನ್ನಿಟ್ಟು, ಕವಾಟವನ್ನು ಮೆಲ್ಲಮೆಲ್ಲನೆ ಬಿಡಿಸಿ, ಭಾರವನ್ನು ಅವುಗಳ ವಶಕ್ಕೆ ಒಪ್ಪಿಸಬೇಕು. ನಾಲ್ಕು ಮೂಲೆಗಳನ್ನೂ ಎತ್ತುವುದಾದರೆ ಒಂದೇ ಸಲಕ್ಕೆ ಪೂರ್ಣ ಎತ್ತರಕ್ಕೆ ಒಯ್ಯದೆ, ಮುಂದೊಮ್ಮೆ ಹಿಂದೊಮ್ಮೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಒಂದು ತುದಿ ಏರುವಾಗ ಇನ್ನೊಂದು ತುದಿಯ ಸ್ಟ್ಯಾಂಡುಗಳ ಕಾಲು ನೆಲಬಿಟ್ಟಿದೆಯೇ ಎಂದು ನೋಡುತ್ತಿರಬೇಕು.

ಅನಂತರ ಪರೀಕ್ಷೆ. ಗಾಡಿಯ ಹೊರಗೆ ನಿಂತು, ಒಳಗೆ ಪ್ರಯೋಗಿಸಲಿರುವ ಬಲಕ್ಕಿಂತ ಹೆಚ್ಚಿನ ಬಲದಿಂದ ಎಲ್ಲ ಪಕ್ಕಗಳಿಂದಲೂ ಅದನ್ನು ನೂಕಿ ನೋಡಬೇಕು. ಬೀಳುವುದಾದರೆ ಅದು ಈಗಲೇ ಬೀಳಲಿ. ಅಲುಗದೆ ನಿಂತಮೇಲೂ ಎರಡನೆಯ ಕಾವಲು ಬೇಡವೆಂದಲ್ಲ. ಜ್ಯಾಕನ್ನು ತೊಲೆಗೆ ತಾಗಿಯೂ ತಾಗದಂತೆ ಇಟ್ಟಿರುವುದು, ಕಳಚಿದ ಚಕ್ರಗಳನ್ನು ಸಿಲ್ಲಿನ ಕೆಳಗೆ ಅಡ್ಡಡ್ಡ ಮಲಗಿಸುವುದು ಅನುಭವಿಗಳ ಪದ್ಧತಿ. ಸ್ಟ್ಯಾಂಡು ಸೋತರೂ ಚಕ್ರದ ದಪ್ಪದಷ್ಟು ಎಡೆ ಉಳಿದು ಜೀವ ಉಳಿಯುತ್ತದೆ. ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸುವುದಾದರೆ ತೂಕದ ಸಮತೋಲವೇ ಬದಲಾಗುವುದೆಂಬುದನ್ನು ಮೊದಲೇ ಗಣಿಸಬೇಕು. ಕೆಲಸದ ಹೊತ್ತಿನಲ್ಲಿ ಮನೆಯಲ್ಲಿ ಇನ್ನೊಬ್ಬರು ಇರುವುದೂ, ಮಕ್ಕಳು ಆ ಕಡೆ ಸುಳಿಯದಿರುವುದೂ ಅಗತ್ಯ. ಗಾಡಿ ಮರಳಿ ನೆಲಕ್ಕಿಳಿದ ಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ, ಈ ಕಾರಿಗಾದರೆ 90ರಿಂದ 118 ನ್ಯೂಟನ್-ಮೀಟರಿನೊಳಗೆ, ಬಿಗಿದರೆ ಕೆಲಸ ಸಂಪೂರ್ಣವಾಯಿತು.

ಇಷ್ಟೆಲ್ಲ ಕಟ್ಟುಪಾಡು ಯಂತ್ರಗಳ ಮೇಲಿನ ಅವಿಶ್ವಾಸದಿಂದ ಹುಟ್ಟಿದುದಲ್ಲ. ಯಾವ ಒಂದು ವಸ್ತು ಸೋತರೂ ಇನ್ನೊಂದು ಅದರ ಭಾರವನ್ನು ವಹಿಸಿಕೊಳ್ಳುವಂತೆ ಮುಂದಾಗಿ ಯೋಚಿಸಿಡುವುದೇ ಇದರ ಸಾರ. ನಮ್ಮ ಊರಿನ ರಸ್ತೆಬದಿಯಲ್ಲಿ ಸಾಧಾರಣ ಕಾರಿನ ಚಕ್ರ ಬದಲಿಸುವವನಿಗೂ ಇದು ಅನ್ವಯಿಸುತ್ತದೆ: ಡಿಕ್ಕಿಯಲ್ಲಿರುವ ಜ್ಯಾಕು ಚಕ್ರ ಬದಲಿಸುವುದಕ್ಕೆ ಸಾಕು, ಗಾಡಿಯ ಅಡಿಗೆ ತಲೆ ಕೊಡುವುದಕ್ಕೆ ಸಾಲದು. ಸಮವಾದ ನೆಲ, ಒಳ್ಳೆಯ ಸ್ಟ್ಯಾಂಡು, ಬೆಣೆ, ಸಾವಕಾಶ ಇವುಗಳಲ್ಲಿ ಒಂದು ಇಲ್ಲದಿದ್ದರೂ ಅಂದಿನ ಕೆಲಸವನ್ನು ನಿಲ್ಲಿಸಿ ಗಾಡಿಯನ್ನು ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ಯುವುದೇ ವಿವೇಕ. ಹಾಗೆ ಒಯ್ದವನಿಗೆ ಕೂಲಿಯಷ್ಟು ಹಣ ಹೋಗುತ್ತದೆ, ಅದಕ್ಕಿಂತ ಹೆಚ್ಚಿನ ನಷ್ಟವಿಲ್ಲ.